ರಾಣಿ ಚೆನ್ನಮ್ಮ ರೈಲಿನಲ್ಲಿ ಕೇಳಿದ ಅವ್ವನ ಪಾರ್ಟು

ಹೊರಟಿದ್ದು ಮೈಸೂರಿಗೆ. ಅರಮನೆ, ಚಾಮುಂಡಿ ಬೆಟ್ಟ, ಕಾರಂಜಿ ಕೆರೆ ಅಂತ ಮೂರು ದಿನ ಆರಾಮಾಗಿ ತಿರುಗಾಡಿ ಬಂದೆ. ಅದನ್ನೆಲ್ಲ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೀಲೇಬೇಕು ಅನ್ನಿಸಿದ್ದು ಧಾರವಾಡದಿಂದ ಬೆಂಗಳೂರಿನ ತನಕದ ಒಂದು ರಾತ್ರಿ, ಮತ್ತೆ ಮರುದಿನದ ಅರ್ಧ ದಿನ.

ಬೆಂಗಳೂರಿಗೆ ಹೋಗುವಾಗೆಲ್ಲ ನಾನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಡಬ್ಬಿಯಲ್ಲೇ ಹೋಗುತ್ತೇನೆ. ಎಸಿ ಡಬ್ಬಿ ನನಗೆ ಸೇರುವುದಿಲ್ಲ. ಕಿಟಕಿ ತೆಗೆಯೋಕಾಗಲ್ಲ, ಯಾರೂ ಮಾತಾಡಲ್ಲ. ಸ್ಲೀಪರಿನಲ್ಲಿ ಗಾಳಿ ಬರುತ್ತದೆ. ಎದುರಿನವರು ಬುತ್ತಿ ಬಿಚ್ಚಿದರೆ ನಮ್ಮ ಕೈಗೂ ಒಂದು ರೊಟ್ಟಿ ಬರುತ್ತದೆ.

ನಾನು ಹತ್ತಿದಾಗ ನನ್ನ ಸೀಟಿನಲ್ಲಿ ಒಬ್ಬ ಹುಡುಗ ಕೂತಿದ್ದ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ನನ್ನನ್ನು ನೋಡಿ ಎದ್ದು ನಿಂತ. "ಕುಂದರ್ರಿ ಅಕ್ಕಾರ" ಅಂದ. ಅವನದು ಮೇಲಿನ ಬರ್ತ್. ಮಲಗಿದರೆ ಅಂಗಿ ಮುದ್ದೆಯಾಗುತ್ತೆ ಅಂತ ಮೇಲೆ ಹೋಗಿರಲಿಲ್ಲ.

"ಎಲ್ಲಿತನಕಪಾ?"

"ಬೆಂಗಳೂರಿಗ್ರಿ."

"ಕೆಲಸ ಸಿಕ್ಕೈತೇನು?"

"ಸಿನಿಮಾದಾಗ್ರಿ ಅಕ್ಕಾರ. ನಾಳೆ ಆಡಿಷನ್ ಐತಿ. ಹೀರೋನ ಗೆಳ್ಯಾನ ಪಾರ್ಟು. ಒಂದ್ ಪಿಕ್ಚರ್ ಆದ್ರ ಸಾಕ್ರಿ, ಆಮ್ಯಾಲೆ ನಾನೇ ಹೀರೋ."

ನಾಳೆ ಸೋಮವಾರ ಅಂದಷ್ಟೇ ಸಲೀಸಾಗಿ ಹೇಳಿದ. ನಾನು ಸೀಟು ಸರಿಸಿ ಪಕ್ಕಕ್ಕೆ ಕೂರಿಸಿಕೊಂಡೆ.

ಅವನ ಹೆಸರು ಬರೆಯುವುದಿಲ್ಲ. ಗೋಕಾಕ, ಮೂಡಲಗಿ ಸೀಮೆಯ ಹುಡುಗ. ಶ್ರೀಕೃಷ್ಣ ಪಾರಿಜಾತ ಅನ್ನೋ ಜನಪದ ಆಟವನ್ನು ಆಡಿ ಬೆಳೆಸಿದ ಸೀಮೆ ಅದು. ಆ ಆಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮ ಅಲ್ಲಿಯವರೇ. ಇವನಿಗೆ ಅವರ ಹೆಸರು ಗೊತ್ತಿತ್ತು, ಆದರೆ ಅದು ಅಜ್ಜಿಯ ಕಾಲದ ಮಾತು ಅನ್ನೋ ಹಾಗೆ ತಲೆ ಆಡಿಸಿದ. ಅವನ ತಲೆಯಲ್ಲಿ ಇದ್ದದ್ದು ಅಪ್ಪು ಮತ್ತು ಯಶ್. "ಯಶ್ ಬೆಂಗಳೂರಿಗೆ ಬಂದಾಗ ಕಿಸೇದಾಗ ಬರೇ 300 ರೂಪಾಯಿ ಇತ್ತಂತ್ರಿ. ನನ್ನ ಕಡೆ 7,000 ಐತಿ" ಅಂದ. ಆ 300 ರೂಪಾಯಿಯ ಮಾತನ್ನು ಯಶ್ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ, ನಿಜ. ಆದರೆ ಬಂದ ಮೇಲೆ ಅವರು ನಾಟಕ ತಂಡದಲ್ಲಿ ತೆರೆಯ ಹಿಂದೆ ದುಡಿದದ್ದು, ಆಮೇಲೆ ಸೀರಿಯಲ್ ಮಾಡಿದ್ದು ಈ ಹುಡುಗನ ಕಥೆಯಲ್ಲಿ ಇರಲೇ ಇಲ್ಲ. 300 ರೂಪಾಯಿ ಇತ್ತು, ಆಮೇಲೆ ಸ್ಟಾರ್ ಆದರು, ಅಷ್ಟೇ. ನಡುವಿನ ವರ್ಷಗಳನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಫೈಲು ಬಿಚ್ಚಿ ತೋರಿಸಿದ. ಹನ್ನೆರಡು ಫೋಟೋ. ಕೂಲಿಂಗ್ ಗ್ಲಾಸ್ ಹಾಕಿಕೊಂಡದ್ದು, ಬೈಕಿಗೆ ಒರಗಿದ್ದು, ಕಬ್ಬಿನ ಗದ್ದೆಯಲ್ಲಿ ಕೈಕಟ್ಟಿ ನಿಂತದ್ದು. ಪ್ರತಿ ಫೋಟೋದ ಹಿಂದೆ ಬಾಲ್‌ಪೆನ್ನಲ್ಲಿ ಎತ್ತರ, ತೂಕ, ಫೋನ್ ನಂಬರ್. ಒಂದರ ಹಿಂದೆ ಎತ್ತರ ಐದು ಅಡಿ ಆರು ಇಂಚು ಅಂತ ಬರೆದು, ಆರನ್ನು ತಿದ್ದಿ ಏಳು ಮಾಡಿದ್ದ. ಎಲ್ಲಕ್ಕಿಂತ ಕೆಳಗೆ ಮಡಚಿ ಇಟ್ಟ ಒಂದು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು. ಊರ ಜಾತ್ರೆಯ ನಾಟಕದ್ದು. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಮೇಲೆ ದೇವರ ಚಿತ್ರ, ಕೆಳಗೆ ಸಾಲಾಗಿ ದುಂಡಗೆ ಕತ್ತರಿಸಿದ ಪಾತ್ರಧಾರಿಗಳ ಫೋಟೋ. ಎರಡನೇ ಸಾಲಿನ ಕೊನೆಯಲ್ಲಿ ಇವನು. ಆ ಮಡಿಕೆಯ ಗೆರೆ ಸರಿಯಾಗಿ ಅವನ ಮುಖದ ಮೇಲೇ ಬಿದ್ದಿತ್ತು. ಬೆರಳಿಂದ ನೀವುತ್ತಲೇ ಇದ್ದ.

ಹುಬ್ಬಳ್ಳಿ ದಾಟಿತು. ಊಟ ಮಾಡೋಣ ಬಾ ಅಂದೆ. ಒಲ್ಲೆ ಅಂದ. ಅಪ್ಪು ಸಮಾಧಿ ನೋಡುವ ತನಕ ಏನೂ ತಿನ್ನುವುದಿಲ್ಲ ಅಂತ ಹರಕೆ. ಚಹಾ ಮಾತ್ರ ಕುಡಿದ. ನಾನು ಸುಮ್ನೆ ಕೇಳಿದೆ, "ನಾಳೆ ಏನು ಮಾಡಿ ತೋರಿಸ್ತೀ?"

ಸಿನಿಮಾದ ಹೊಡೆದಾಟದ ಡೈಲಾಗು ಒಂದನ್ನು ಹೇಳಿದ. ಚೆನ್ನಾಗಿರಲಿಲ್ಲ. ದನಿ ಅವನದಾಗಿರಲಿಲ್ಲ. ಹುಬ್ಬು ಎತ್ತಿದ್ದೂ ಯಾರದೋ. ನನಗೆ ಏನು ಹೇಳಬೇಕು ತಿಳಿಯಲಿಲ್ಲ. "ನಾಟಕದಾಗ ನಿಂದು ಯಾವ ಪಾರ್ಟಪಾ?" ಅಂದೆ.

"ಹೀರೋನ ತಮ್ಮಂದ್ರಿ. ಎರಡ ಸೀನು. ಆದ್ರ ತಾಲೀಮಿನ್ಯಾಗ ತಿಂಗಳಾನಗಟ್ಲೆ ಅವ್ವನ ಮಾತು ನಾನೇ ಹೇಳೀನ್ರಿ."

ಅದು ಹೀಗೆ. ಹಳ್ಳಿ ನಾಟಕಕ್ಕೆ ಹೆಣ್ಣು ಪಾತ್ರ ಮಾಡುವವರನ್ನು ಹೊರಗಿನಿಂದ ಕರೆಸುತ್ತಾರೆ. ಅವರು ಬರುವುದು ನಾಟಕದ ದಿನ, ಜಾಸ್ತಿ ಅಂದರೆ ಒಂದು ದಿನ ಮುಂಚೆ. ಅಲ್ಲಿತನಕ ಅವರ ಮಾತನ್ನು ಯಾರಾದರೂ ಹೇಳಬೇಕಲ್ವಾ? ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಪೇಟಿ ಮಾಸ್ತರು ಆ ಕೆಲಸ ಇವನಿಗೆ ಹಚ್ಚಿದ್ದರು.

"ಅದನ್ನ ಹೇಳಿ ತೋರಿಸು" ಅಂದೆ.

"ಅದೇನ್ ಬಿಡ್ರಿ ಅಕ್ಕಾರ, ಹೆಂಗಸರ ಪಾರ್ಟು."

ಎರಡು ಸಲ ಕೇಳಿದ ಮೇಲೆ ಒಪ್ಪಿದ. ಎದ್ದು ನಿಲ್ಲಲಿಲ್ಲ. ಕಾಲು ಮೇಲೆತ್ತಿ ಸೀಟಿನ ಮೇಲೆ ಕೂತ. ಬೆನ್ನು ಸ್ವಲ್ಪ ಬಾಗಿತು. ಕೈ ತೊಡೆಯ ಮೇಲೆ ಬಂದು ಮಡಿಲಿನ ಹಾಗೆ ಕೂತಿತು. ಊರು ಬಿಟ್ಟು ಹೋದ ಹಿರಿಯ ಮಗ ಎಂಟು ವರ್ಷದ ಮೇಲೆ ಬಾಗಿಲಿಗೆ ಬಂದು ನಿಂತಿದ್ದಾನೆ. ತಾಯಿಗೆ ಕಣ್ಣು ಸರಿ ಕಾಣುವುದಿಲ್ಲ. ಇವನು ತಲೆ ಎತ್ತಿ ಆ ಬಾಗಿಲ ಕಡೆ ನೋಡಿದ. ಅಲ್ಲಿದ್ದದ್ದು ರೈಲಿನ ನೀಲಿ ಗೋಡೆ. ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬಹಳ ಮೆಲ್ಲಗೆ, "ಉಂಡೀ ಏನಪಾ?" ಅಂದ.

ಅಷ್ಟೇ. ಎಲ್ಲಿದ್ದೆ ಅಂತ ಕೇಳಲಿಲ್ಲ, ಯಾಕೆ ಹೋದೆ ಅಂತ ಅಳಲಿಲ್ಲ. ಆ ಒಂದು ಮಾತಿಗೆ ನನ್ನ ಎದೆ ಹಿಂಡಿತು. ಸೈಡ್ ಬರ್ತಿನಲ್ಲಿ ಮಲಗಿದ್ದ ಹಿರಿಯರೊಬ್ಬರು ಎದ್ದು ಕೂತು ಕಣ್ಣು ಒರೆಸಿಕೊಂಡರು. "ಇನ್ನೊಮ್ಮೆ ಹೇಳೋ ತಮ್ಮಾ" ಅಂದರು. ಇನ್ನೊಮ್ಮೆ ಹೇಳಿದ. ಈ ಸಲ ಉಂಡೀ ಅನ್ನುವ ಮಾತು ಗಂಟಲಲ್ಲಿ ಕೊಂಚ ತಡೆಯಿತು. ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು.

"ನಾಟಕದಾಗ ಹಿಂಗೇ ಬರ್ದಾರೇನು?" ಅಂತ ಕೇಳಿದೆ.

"ಇಲ್ರಿ, ಅಲ್ಲೆ ಒಂದ್ ಪುಟ ಅಳೂ ಮಾತದಾವು. ಮಾಸ್ತರ್ ಇಲ್ಲದಾಗ ನಾ ಹಿಂಗ ಹೇಳ್ತಿದ್ದೆ."

ನಾನು ನಾಟಕ ನೋಡುತ್ತಾ ಬೆಳೆದವಳು. ಧಾರವಾಡದಲ್ಲಿ ಒಳ್ಳೊಳ್ಳೆ ನಟರನ್ನು ನೋಡಿದ್ದೇನೆ. ಈ ಹುಡುಗ ನಟ. ಅದನ್ನು ಅವನಿಗೆ ಹೇಳಿದೆ ಕೂಡ. ಅವನು ಖುಷಿಯಾದ. ಆದರೆ "ನಾಳೆ ಇದನ್ನೇ ಮಾಡಿ ತೋರಿಸು" ಅಂದಾಗ ಮುಖ ಸಣ್ಣದಾಯಿತು. ಹೀರೋ ಆಗುವವನು ಅವ್ವನ ಮಾತು ಹೇಳುವುದೇ?

ಬೆಳಗ್ಗೆ ಯಶವಂತಪುರದಲ್ಲಿ ಇಳಿದೆವು. ಮೈಸೂರು ರೈಲು ಮಧ್ಯಾಹ್ನವೂ ಸಿಗುತ್ತದೆ ಅಂತ ನಾನೂ ಜೊತೆ ಹೋದೆ. ಆಟೋದಲ್ಲಿ ಕಂಠೀರವ ಸ್ಟುಡಿಯೋ. ಗೇಟು ತೆರೆಯುವ ತನಕ ಹೊರಗೇ ಕಾದೆವು. ಅಲ್ಲಿ 2006ರಲ್ಲಿ ಹೋದ ಅಪ್ಪ, 2017ರಲ್ಲಿ ಹೋದ ಅಮ್ಮ, 2021ರಲ್ಲಿ ಹೋದ ಮಗ. ಅಪ್ಪ ಮಗ ಇಬ್ಬರೂ ಕಣ್ಣು ಕೊಟ್ಟು ಹೋದವರು. ಹುಡುಗ ಚಪ್ಪಲಿ ಬಿಟ್ಟು, ಅಪ್ಪು ಸಮಾಧಿಯ ಮುಂದೆ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತ. ಪರೀಕ್ಷೆಗೆ ಮುಂಚೆ ಹಾಲ್‌ಟಿಕೆಟ್ಟನ್ನು ದೇವರ ಮುಂದೆ ಹಿಡಿಯುತ್ತಾರಲ್ಲ, ಹಾಗೆ.

ನಾನು ಅಣ್ಣಾವ್ರ ಮುಂದೆ ನಿಂತಿದ್ದೆ. ಚಿಕ್ಕವರಿದ್ದಾಗಲೇ ಅಪ್ಪನ ಜೊತೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. 1954ರಲ್ಲಿ 'ಬೇಡರ ಕಣ್ಣಪ್ಪ' ಬರುವ ಹೊತ್ತಿಗೆ ಅವರಿಗೆ 25 ವರ್ಷ. ಅಷ್ಟರೊಳಗೆ ಎಷ್ಟು ಊರಿನ ಎಷ್ಟು ರಂಗದ ಮೇಲೆ ನಿಂತಿದ್ದರೋ. ಇದನ್ನು ಹುಡುಗನಿಗೆ ಹೇಳಬೇಕು ಅನ್ನುವಷ್ಟರಲ್ಲಿ ಅವನ ಫೋನು ಬಂತು. ಆಡಿಷನ್ನಿನವರು. ಬೇಗ ಬಾ ಅಂದರು.

ಮೆಟ್ರೋದಲ್ಲಿ ಮೆಜೆಸ್ಟಿಕ್. ಅಲ್ಲಿಂದ ಗಾಂಧಿನಗರ. ಕೆಂಪೇಗೌಡ ರಸ್ತೆಯಲ್ಲಿ ನಡೆಯುವಾಗ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ. ಈ ಜಾಗಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೇ ಈಗಿಲ್ಲ. ಕಪಾಲಿ ಹೋಯಿತು. ಉಳಿದಿರುವುದು ಕೆಲವೇ. ಹುಡುಗ ಮಾತ್ರ ನರ್ತಕಿ ಮುಂದೆ ನಿಂತು ಕತ್ತು ಎತ್ತಿ ಎಷ್ಟು ಎತ್ತರದ ಕಟೌಟ್ ನಿಲ್ಲಿಸಬಹುದು ಅಂತ ಅಳೆಯುತ್ತಿದ್ದ.

ಗಲ್ಲಿಯೊಳಗೆ ಮೂರನೇ ಮಹಡಿ. ಹೊರಗೆ ಬೋರ್ಡಿಲ್ಲ. ಒಳಗೆ ಒಂದು ಟೇಬಲ್ಲು, ಎರಡು ಕುರ್ಚಿ, ಗೋಡೆಯ ಮೇಲೆ ಸ್ಟಾರ್‌ಗಳ ಜೊತೆ ತೆಗೆಸಿಕೊಂಡ ಫೋಟೋಗಳು. ಕೂತಿದ್ದವನು ಫೈಲು ತೆಗೆದೂ ನೋಡಲಿಲ್ಲ. ಹೀಗೆ ಮಾಡಿ ತೋರಿಸು ಅನ್ನಲಿಲ್ಲ. "ಫೇಸ್ ಚೆನ್ನಾಗಿದೆ, ಸೆಲೆಕ್ಟ್ ಆಗಿದ್ದೀಯ" ಅಂದ. ಆರ್ಟಿಸ್ಟ್ ಕಾರ್ಡ್, ಫೋಟೋ ಶೂಟ್, ಎಲ್ಲ ಸೇರಿ 18,000 ಅಂದ. ಆಗಲೇ ಗೊತ್ತಾಗಿದ್ದು, ಈ ಹುಡುಗ ಊರಿಂದಲೇ ಫೋನಿನಲ್ಲಿ 5,000 ಕಳಿಸಿದ್ದ.

ನಾನು ಬೇಡ ಅಂದೆ. ಜಗಳವೇ ಆಯಿತು. ಅಷ್ಟರಲ್ಲಿ ಮೈಸೂರಿನಿಂದ ಫೋನು ಬಂತು, ಸಿಗ್ನಲ್ ಸಿಗದೆ ಮೆಟ್ಟಿಲ ಕಡೆ ಹೋದೆ. ವಾಪಸ್ ಬರುವಷ್ಟರಲ್ಲಿ ಹುಡುಗ ಇನ್ನೂ 2,000 ಕೊಟ್ಟುಬಿಟ್ಟಿದ್ದ. ರಸೀದಿ ಕೇಳಿದರೆ ಕೊಡಲಿಲ್ಲ. ವಾಪಸ್ ಕೊಡು ಅಂದರೆ ಅದು ನೋಂದಣಿ ಫೀಸು ಅಂದ. ಆ ಎರಡು ನಿಮಿಷ ನಾನು ಫೋನು ಎತ್ತದೇ ಇದ್ದಿದ್ದರೆ ಅನ್ನೋದು ಇವತ್ತಿಗೂ ಕೊರೆಯುತ್ತದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಹುಡುಗ ಹುಡುಗಿ ಇದ್ದರೆ ದಯವಿಟ್ಟು ಹೇಳಿ. ಪಾತ್ರ ಕೊಡುವವರು ನಟನಿಗೆ ದುಡ್ಡು ಕೊಡುತ್ತಾರೆ, ತಗೊಳ್ಳುವುದಿಲ್ಲ. ನಟನೆ ನೋಡದೆ ಸೆಲೆಕ್ಟ್ ಅಂದರೆ ಎದ್ದು ಬನ್ನಿ. ಸಿನಿಮಾದ ಹೆಸರು, ಬ್ಯಾನರಿನ ಹೆಸರು ಕೇಳಿ. ನಿರ್ಮಾಪಕರು ಅದನ್ನು ಫಿಲಂ ಚೇಂಬರಿನಲ್ಲಿ ನೋಂದಾಯಿಸುತ್ತಾರೆ, ಅಲ್ಲಿ ವಿಚಾರಿಸಬಹುದು. ಒಬ್ಬರೇ ಹೋಗಬೇಡಿ. ಜೊತೆಗೆ ಹೋದವರು ಮೆಟ್ಟಿಲ ಕಡೆ ಹೋಗಬೇಡಿ.

ಕೆಳಗೆ ಬಂದು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಹುಡುಗ ಅಳಲಿಲ್ಲ. ಬಿಳಿ ಅಂಗಿಯ ತೋಳು ಮಡಚಿದ, ಮತ್ತೆ ಬಿಚ್ಚಿದ. ಊರಿಗೆ ವಾಪಸ್ ಹೋಗುತ್ತೀಯಾ ಅಂದರೆ ಇಲ್ಲ ಅಂದ. ಪೀಣ್ಯದಲ್ಲಿ ಮಾವನ ಮಗ ಫ್ಯಾಕ್ಟರಿಯಲ್ಲಿದ್ದಾನೆ, ಅಲ್ಲೇ ಇರುತ್ತೇನೆ ಅಂದ. ನಾನು ಹ್ಯಾಂಡ್‌ಬಿಲ್ಲು ಇಸಿದುಕೊಂಡು ಅದರ ಹಿಂದೆ ಬರೆದೆ. ನೀನಾಸಂ, ಹೆಗ್ಗೋಡು, ಸಾಗರ ತಾಲೂಕು. ಕೆ.ವಿ. ಸುಬ್ಬಣ್ಣನವರು ಕಟ್ಟಿದ್ದು. 1980ರಿಂದ ಅಲ್ಲಿ ರಂಗಶಿಕ್ಷಣ ಕೊಡುತ್ತಿದ್ದಾರೆ, ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇಬ್ಬರೂ ಅಲ್ಲೇ ಕಲಿತು ಸಿನಿಮಾಕ್ಕೆ ಬಂದವರು ಅಂದೆ. ಅಚ್ಯುತ್ ಅವರ ಹೆಸರು ಕೇಳಿ ಮೊದಲ ಸಲ ತಲೆ ಎತ್ತಿದ. "ಅವ್ರು ಹೀರೋ ಅಲ್ಲಲ್ರಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅವ್ರು ಬಂದ್ರ ಎಲ್ಲಾರೂ ಅವ್ರನ್ನ ನೋಡ್ತಾರ್ರಿ" ಅಂದ.

"ಅಲ್ಲೆ ಹೋದಾಗ ಅವ್ವನ ಪಾರ್ಟು ಮಾಡಿ ತೋರಿಸು" ಅಂದೆ. ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಹ್ಯಾಂಡ್‌ಬಿಲ್ಲನ್ನು ಈ ಸಲ ಬೇರೆ ಕಡೆ ಮಡಚಿದ, ಮುಖದ ಮೇಲೆ ಗೆರೆ ಬೀಳದ ಹಾಗೆ.

ಆಗ ಅವನ ಫೋನು ಮತ್ತೆ ಹೊಡೆಯಿತು. ಊರಿನಿಂದ ಅವ್ವ. ಬಸ್ಸುಗಳ ಗದ್ದಲಕ್ಕೆ ಕೇಳಿಸದೆ ಸ್ಪೀಕರಿಗೆ ಹಾಕಿದ. ಆಡಿಷನ್ ಏನಾಯಿತು ಅಂತ ಆಕೆ ಕೇಳುತ್ತಾಳೆ ಅಂತ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬಹಳ ಮೆಲ್ಲಗೆ, ಗಂಟಲಲ್ಲಿ ಕೊಂಚ ತಡೆದು, "ಉಂಡೀ ಏನಪಾ?"

ಅವನು ನನ್ನ ಕಡೆ ನೋಡಲಿಲ್ಲ. "ಉಂಡೀನಿ ಯವ್ವಾ" ಅಂದ. ನಿನ್ನೆ ರಾತ್ರಿಯ ಚಹಾ ಬಿಟ್ಟರೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಫೋನು ಇಟ್ಟ ಮೇಲೆ ಕೈ ಹಿಡಿದು ಎಬ್ಬಿಸಿ, ಊಟದ ಹೋಟೆಲ್ ಹುಡುಕಿಕೊಂಡು ಹೊರಟೆವು.