ಊದಿಸಿ ಹೊಟ್ಟೆ ನೋಡುವ ಪರೀಕ್ಷೆ

ಹೊಟ್ಟೆ ಉಬ್ಬರಕ್ಕೆ ಉಸಿರು ಊದಿಸಿ ಪರೀಕ್ಷೆ ಮಾಡ್ತಾರೆ ಅಂದಾಗ ಅಮ್ಮ ನಂಬಲೇ ಇಲ್ಲ. "ಪೊಲೀಸ್ರು ಕುಡುಕರ ಬಾಯಿಗೆ ಇಡ್ತಾರಲ್ಲ, ಆ ಥರನಾ?" ಅಂದರು. ಹೆಚ್ಚುಕಮ್ಮಿ ಹಾಗೇ ಇತ್ತು ಅನ್ನಿ.

ಹಿಂದಿರುವ ಲೆಕ್ಕ ಸರಳ. ನಮ್ಮ ಜೀವಕೋಶಗಳು ಹೈಡ್ರೋಜನ್ ಮಾಡುವುದಿಲ್ಲ, ಅದನ್ನು ಮಾಡುವುದು ಕರುಳಿನ ಬ್ಯಾಕ್ಟೀರಿಯಾ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆ ಸಣ್ಣ ಕರುಳಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿದರೆ ಅವಕ್ಕೆ ಹಬ್ಬ. ಆಗ ಹುಟ್ಟುವ ಹೈಡ್ರೋಜನ್‌ನಲ್ಲಿ ಒಂದಿಷ್ಟು ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಅದನ್ನೇ ಅಳೆಯುತ್ತಾರೆ.

ಊದುವುದೇನೂ ಕಷ್ಟವಲ್ಲ. ಕಷ್ಟ ಇರುವುದು ಹಿಂದಿನ ರಾತ್ರಿ ಊಟದಲ್ಲಿ. ಬೇಳೆ ಬೇಡ, ಅಂದರೆ ಸಾರೂ ಇಲ್ಲ, ಹುಳಿಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಕಾಳು, ಚಪಾತಿ, ಹಣ್ಣು, ಹಾಲು ಎಲ್ಲಕ್ಕೂ ರಜೆ. ಉಳಿದದ್ದು ಬಿಳಿ ಅನ್ನ, ಉಪ್ಪು, ಮೊಟ್ಟೆ. ಅಮ್ಮ ಅನ್ನದ ಮೇಲೆ ಏನಾದರೂ ಹಾಕದೆ ಬಡಿಸುವುದು ಹೇಗೆ ಅಂತ ಸೌಟು ಹಿಡಿದು ನಿಂತೇ ಇದ್ದರು. ಆದರೆ ಇದು ಸುಮ್ನೆ ಹೇಳುವ ಪಥ್ಯ ಅಲ್ಲ. ರಾತ್ರಿಯ ಬೇಳೆಕಾಳು ಬೆಳಗ್ಗೆವರೆಗೂ ಕರುಳಲ್ಲಿ ಹುದುಗುತ್ತಿದ್ದರೆ ಮೊದಲ ಊದಿನಲ್ಲೇ ಅಂಕಿ ಮೇಲಿರುತ್ತದೆ, ಆಮೇಲೆ ಹಾಲಿನ ಸಕ್ಕರೆ ಎಷ್ಟು ಸೇರಿಸಿತು ಅಂತ ತಿಳಿಯುವುದು ಹೇಗೆ? ಹಿಂದಿನ 4 ವಾರ ಆಂಟಿಬಯೋಟಿಕ್ ಕೂಡ ತಗೊಂಡಿರಬಾರದು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ಊದಿಸಿ, ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿದರು. ಸಾಮಾನ್ಯವಾಗಿ 25 ಗ್ರಾಂ ಕೊಡುತ್ತಾರೆ, ಕೆಲವು ಕಡೆ 50. ಸಪ್ಪೆ ಸಿಹಿ, ಬಾಯಿಗೆ ಹಿಡಿಸುವಂಥದ್ದಲ್ಲ. ಆಮೇಲೆ ಅರ್ಧ ಗಂಟೆಗೊಮ್ಮೆ ಊದುತ್ತಾ ಕೂರುವುದು. ನಿದ್ದೆ ಮಾಡುವಂತಿಲ್ಲ, ಓಡಾಡುವಂತಿಲ್ಲ, ಸಿಗರೇಟಂತೂ ಇಲ್ಲವೇ ಇಲ್ಲ. ಉಸಿರಿನ ಹೈಡ್ರೋಜನ್ ಮೊದಲ ಅಂಕಿಗಿಂತ 20 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಅಥವಾ ಜಾಸ್ತಿ ಏರಿದರೆ ಲ್ಯಾಕ್ಟೋಸ್ ಅರಗುತ್ತಿಲ್ಲ ಅಂತ ಲೆಕ್ಕ. ನನ್ನದು ಏರಿತು. ಅದಕ್ಕೆ ಸರಿಯಾಗಿ ಹೊಟ್ಟೆಯೂ ಪಕ್ಕದವರಿಗೆ ಕೇಳುವಷ್ಟು ಗುಡುಗುಟ್ಟಿತು. ಅಂಕಿಯಷ್ಟೇ ಈ ಗುಡುಗುಡುವೂ ಮುಖ್ಯ. ದಕ್ಷಿಣ ಭಾರತದಲ್ಲಿ ಲ್ಯಾಕ್ಟೋಸ್ ಅರಗದವರು ಬಹಳ ಜನ, ಅವರಲ್ಲಿ ಎಷ್ಟೋ ಮಂದಿ ಆರಾಮಾಗಿ ಕಾಫಿ ಕುಡ್ಕೊಂಡಿದ್ದಾರೆ. ತೊಂದರೆ ಇಲ್ಲದವರಿಗೆ ಬರೀ ಅಂಕಿ ನೋಡಿ ಹಾಲು ಬಿಡಿಸುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಮಾಡಿಸುವ ಮುಂಚೆ ಒಂದು ಮಾತು ಕೇಳಿ: ಯಂತ್ರ ಮೀಥೇನ್ ಕೂಡ ಅಳೆಯುತ್ತದಾ? ಕೆಲವರ ಕರುಳಿನ ಸೂಕ್ಷ್ಮಜೀವಿಗಳು ಹೈಡ್ರೋಜನ್ ಬಳಸಿಕೊಂಡು ಮೀಥೇನ್ ಮಾಡಿಬಿಡುತ್ತವೆ. ಬರೀ ಹೈಡ್ರೋಜನ್ ನೋಡಿದರೆ ಅಂಥವರಿಗೆ "ಎಲ್ಲ ಸರಿ ಇದೆ" ಅಂತ ವರದಿ ಬರಬಹುದು.

ಜಠರದಲ್ಲಿ ಹುಣ್ಣು ಮಾಡಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಹುಡುಕಲು ಮಾಡುವ ಯೂರಿಯಾ ಉಸಿರಿನ ಪರೀಕ್ಷೆಯೇ ಬೇರೆ, ಎರಡನ್ನೂ ಕಲಸಬೇಡಿ. ಅಲ್ಲಿ ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸುತ್ತಾರೆ, ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಇದ್ದರೆ ಯೂರಿಯಾವನ್ನು ಒಡೆಯುತ್ತದೆ, ಆ ಇಂಗಾಲ ಉಸಿರಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಸಿಕ್ಕಿಬೀಳುತ್ತದೆ. ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ಕಮ್ಮಿ ಮಾಡುವ ಮಾತ್ರೆ) ನುಂಗುವವರು ಈ ಯೂರಿಯಾ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಮೊದಲೇ ಹೇಳಿ. ಸಾಮಾನ್ಯವಾಗಿ 2 ವಾರ ನಿಲ್ಲಿಸಲು ಹೇಳುತ್ತಾರೆ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ನಾನು ಹಾಲು ಕಮ್ಮಿ ಮಾಡಿದ್ದೇನೆ. ಮೊಸರು, ಮಜ್ಜಿಗೆ ಬಿಟ್ಟಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಅರ್ಧಂಬರ್ಧ ಮೊದಲೇ ತಿಂದು ಮುಗಿಸಿರುತ್ತವೆ.