ಹುಣ್ಣಿಮೆಗೆ ಹಾಂಗ್‌ಕಾಂಗ್: ಊದುಬತ್ತಿಯ ಡ್ರ್ಯಾಗನ್ ನೋಡಲು ಹೋಗುವವರಿಗೆ

ಹಾಂಗ್‌ಕಾಂಗ್‌ಗೆ ಯಾವಾಗ ಹೋಗೋಣ ಅಂತ ಯಾರು ಕೇಳಿದರೂ ನನ್ನದು ಒಂದೇ ಮಾತು: ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಹೋಗಿ. ಸುಗ್ಗಿಯ ಹೊತ್ತಿನಲ್ಲಿ ಚಂದ್ರನನ್ನು ಪೂಜಿಸುವ ಹಬ್ಬ ಅದು. ಚೀನಾವನ್ನು ಆಳಿದ ಸೋಂಗ್ ಅರಸರ ಕಾಲಕ್ಕೇ ದೊಡ್ಡ ಹಬ್ಬವಾಗಿ ಬೆಳೆದಿತ್ತು. 2024ರಲ್ಲಿ ಸೆಪ್ಟೆಂಬರ್ 17ಕ್ಕೆ ಬಂತು, ನಮ್ಮ ಅನಂತ ಚತುರ್ದಶಿಯ ದಿನವೇ. ಮನೆಯ ಗಣಪತಿ ಹಬ್ಬ ಮುಗಿಸಿಕೊಂಡು ಅಮ್ಮನನ್ನೂ ಕರೆದುಕೊಂಡು ಹೊರಟೆ.

ಹೆಚ್ಚಿನವರು ವಿಕ್ಟೋರಿಯಾ ಪಾರ್ಕಿನ ಲಾಟೀನು ನೋಡಿ ವಾಪಸ್ ಬರುತ್ತಾರೆ. ಅದೂ ಚೆನ್ನಾಗಿದೆ. ಆದರೆ ಪಕ್ಕದಲ್ಲೇ ಇರುವ ಟಾಯ್ ಹಾಂಗ್ ಓಣಿಗಳನ್ನು ಬಿಡಬೇಡಿ. 1880ರಲ್ಲಿ ಅದು ಹಕ್ಕಾ ಎಂಬ ಚೀನೀ ಸಮುದಾಯದವರ ಹಳ್ಳಿ. ಚಂಡಮಾರುತ ಬಂದುಹೋದ ಮೇಲೆ ಊರಿಗೆ ಪಿಡುಗು ಬಡಿಯಿತಂತೆ. ಹಿರಿಯರೊಬ್ಬರ ಕನಸಿನಲ್ಲಿ ಬುದ್ಧ ಬಂದು, ಬೆಂಕಿಯ ಡ್ರ್ಯಾಗನ್ ಕುಣಿಸಿ, ಪಟಾಕಿ ಹೊಡೆಯಿರಿ ಎಂದನಂತೆ. ಅಂದಿನಿಂದ ಹುಣ್ಣಿಮೆಯ ಹಿಂದಿನ ದಿನ, ಹುಣ್ಣಿಮೆ, ಮರುದಿನ, ಹೀಗೆ ಮೂರು ರಾತ್ರಿ ಕುಣಿಸುತ್ತಾರೆ.

ಡ್ರ್ಯಾಗನ್ ಉದ್ದ 67 ಮೀಟರ್. ಹುಲ್ಲಿನ ಮೈಗೆ ಸಾವಿರಾರು ಊದುಬತ್ತಿ ಚುಚ್ಚಿರುತ್ತಾರೆ. ಕಣ್ಣಿಗೆ ಟಾರ್ಚ್. ಅದರ ಮುಂದೆ ಕೋಲಿನ ತುದಿಯಲ್ಲಿ ಕುಣಿಯುವ ಎರಡು 'ಮುತ್ತು'ಗಳಿವೆಯಲ್ಲ, ಅವು ಊದುಬತ್ತಿ ಚುಚ್ಚಿದ ಚಕ್ಕೋತ ಹಣ್ಣು! ನಮ್ಮ ದೇವನಹಳ್ಳಿ ಚಕ್ಕೋತದ ಬಳಗದ್ದೇ. ನಮ್ಮೆದುರು ಡ್ರ್ಯಾಗನ್ ಗಿರ್ರನೆ ಸುತ್ತಿದಾಗ ಕಿಡಿಗಳು ಮಳೆಯಂತೆ ಉದುರಿದವು. ಅಮ್ಮನ ಸೆರಗಿನ ಮೇಲೆ ಬೂದಿ ಬಿತ್ತು. ಒರೆಸದೆ ಹಾಗೇ ನಿಂತಿದ್ದರು.

ಆಟ ಶುರುವಾಗುವುದು ಕತ್ತಲಾದ ಮೇಲೆ. ಆದರೂ ಸಂಜೆ ಆರಕ್ಕೆಲ್ಲ ವುನ್ ಶಾ ಬೀದಿಯಲ್ಲಿ ಜಾಗ ಹಿಡಿಯಿರಿ. ಟಿನ್ ಹೌ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಹತ್ತಿ ಬಟ್ಟೆ ಹಾಕಿಕೊಳ್ಳಿ. ಹೊಗೆ ಜಾಸ್ತಿ, ಉಬ್ಬಸ ಇದ್ದವರು ಹಿಂದೆ ನಿಲ್ಲುವುದೇ ಒಳ್ಳೆಯದು. ನಡುವೆ ಆಟ ನಿಲ್ಲಿಸಿ ಉರಿದುಹೋದ ಬತ್ತಿ ಕಿತ್ತು ಹೊಸದು ಚುಚ್ಚುತ್ತಾರೆ. ಮುಗಿಯಿತು ಅಂದುಕೊಂಡು ಜನ ಎದ್ದು ಹೋಗುತ್ತಾರೆ, ನೀವು ಹೋಗಬೇಡಿ. ಆಮೇಲಿನ ಕುಣಿತವೇ ಸೊಗಸು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಹಬ್ಬದ ಸಿಹಿ ತಿಂಡಿಯಾದ ಮೂನ್‌ಕೇಕ್‌ನಲ್ಲಿ ತಾವರೆ ಬೀಜದ ಹೂರಣ ಇರುತ್ತದೆ, ಮಧ್ಯೆ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ. ಅದು ಹುಣ್ಣಿಮೆ ಚಂದ್ರನ ಗುರುತು. ಹಂದಿ ಕೊಬ್ಬು ಕೂಡ ಬಳಸುವುದುಂಟು. ಒಂದು ಅಂಗಡಿಯಲ್ಲಿ 'ವೆಜ್' ಎಂದು ಕೊಟ್ಟಿದ್ದರು. ಕತ್ತರಿಸಿದರೆ ಒಳಗೆ ಹಳದಿ ಉಂಡೆ! ಅಮ್ಮ ತಟ್ಟೆ ಆಚೆ ಸರಿಸಿದರು. ಬೌದ್ಧ ಸಸ್ಯಾಹಾರಿ ಅಂಗಡಿಗಳಲ್ಲಿ ಕೇಳಿ ಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇದ್ದವರು 14 ದಿನದೊಳಗಿನ ಪ್ರವಾಸಕ್ಕೆ ಮೊದಲೇ ಆನ್‌ಲೈನ್ ನೋಂದಣಿ ಮಾಡಿಸಿ, ಚೀಟಿ ಪ್ರಿಂಟ್ ತೆಗೆದುಕೊಳ್ಳಬೇಕು. ಅದಕ್ಕೆ ದುಡ್ಡಿಲ್ಲ. ಸೆಪ್ಟೆಂಬರ್ ಅಲ್ಲಿ ಚಂಡಮಾರುತದ ಕಾಲ, ಒಂದು ದಿನ ಜಾಸ್ತಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ಹಬ್ಬದ ಮರುದಿನ ಸರ್ಕಾರಿ ರಜೆ. ರಾತ್ರಿಯೆಲ್ಲ ಚಂದ್ರನ ಕೆಳಗೆ ಕೂತವರು ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ, ಅಲ್ವಾ?

ಪಾರ್ಕಿನ ಹುಲ್ಲಿನ ಮೇಲೆ ನಾವೂ ಕೂತೆವು. ಪಕ್ಕದ ಅಜ್ಜಿ ಮೊಮ್ಮಗನಿಗೆ ಚಂದ್ರನತ್ತ ಬೆರಳು ತೋರಿಸಿ, ತಲೆಯ ಮೇಲೆ ಎರಡು ಕೈ ಎತ್ತಿ ಉದ್ದ ಕಿವಿ ಮಾಡಿ ತೋರಿಸಿದರು. ಅಮ್ಮ ನನ್ನ ಕೈ ಹಿಡಿದು, "ನೋಡೋ, ಇವರಿಗೂ ಅಲ್ಲಿ ಮೊಲವೇ ಕಾಣೋದು" ಎಂದರು.