ಫೋನಿನಲ್ಲಿ "ಸರಿ, ಹಾಕಿ" ಅಂದದ್ದು

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇತ್ತು. ಸಂಜೆ ಆರೂವರೆಗೆ ಮಂಚೇನಹಳ್ಳಿ ಕಡೆಯ ಒಂದು ಹೂವಿನ ಕೋಲ್ಡ್ ರೂಮಿನ ಯಜಮಾನರು ಫೋನ್ ಮಾಡಿದರು. "ಬ್ಯಾಟ್ರಿ ರೂಮಲ್ಲಿ ಏನೋ ಸುಟ್ಟ ವಾಸನೆ ಬರ್ತಾ ಇದೆ. ಬೇಗ ಬಾರಪ್ಪ. ಒಳಗೆ ಸೇವಂತಿಗೆ ತುಂಬಿದ್ದೀನಿ."

ಬೆಳಗ್ಗೆಯಿಂದ ಅವರ ಕಡೆ ಲೈನ್ ಕೆಲಸ ನಡೆದು ಕರೆಂಟ್ ಇರಲಿಲ್ಲ. ಹಗಲು ಸೋಲಾರ್ ಸಾಥ್ ಕೊಟ್ಟಿತ್ತು. ಸಂಜೆಯಾದ ಮೇಲೆ ಪೂರ್ತಿ ಲೋಡ್ ಬ್ಯಾಟರಿ ಬ್ಯಾಂಕಿನ ಮೇಲೆ. ನಾಲ್ಕು ಪ್ಯಾಕ್, ಒಂದೊಂದರಲ್ಲೂ 280 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ 16 ಸೆಲ್. ಎರಡು 10 ಕಿಲೋವ್ಯಾಟ್ ಇನ್ವರ್ಟರ್. ಅವನ್ನೆಲ್ಲ ಸೇರಿಸುವ ಬಸ್‌ಬಾರ್, ಅಂದರೆ ಕರೆಂಟ್ ಹರಿಯುವ ತಾಮ್ರದ ಪಟ್ಟಿ, ಅದರ ಲೆಕ್ಕ ನನ್ನದು. ಹಾಗಾಗಿ ವಾಸನೆ ಅಂದ ಕೂಡಲೇ ಎದೆ ಧಸಕ್ ಅಂತು.

ಚಿಕ್ಕಬಳ್ಳಾಪುರದಿಂದ ಹೊರಟು ಅಲ್ಲಿಗೆ ಸೇರುವಷ್ಟರಲ್ಲಿ ಏಳು ದಾಟಿತ್ತು. ಜೊತೆಗೆ ನಮ್ಮ ಹುಡುಗನೊಬ್ಬ ಇದ್ದ, ಫಿಟಿಂಗ್ ಮಾಡಿದವನೇ. ಬಾಗಿಲು ತೆಗೆದರೆ ವಾಸನೆ ಮೂಗಿಗೆ ಬಡಿಯಿತು. ಬಿಸಿಯಾದ ಪಿವಿಸಿ ವಾಸನೆ. ಈ ಕೆಲಸ ಮಾಡುವವರಿಗೆ ಅದು ಗುರುತು ಸಿಕ್ಕೇ ಸಿಗುತ್ತದೆ.

ಬಸ್‌ಬಾರ್ ಬಾಕ್ಸಿನ ಅಕ್ರಿಲಿಕ್ ಕವರ್ ಬಿಚ್ಚಿದೆ. ಅದರ ಮೇಲೆ ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಹಿಡಿದರೆ ಕವರಿನ ಬಿಸಿ ತೋರಿಸುತ್ತದೆಯೇ ಹೊರತು ಒಳಗಿನದ್ದಲ್ಲ. ಅಷ್ಟು ನನಗೆ ಗೊತ್ತಿತ್ತು. ಕವರ್ ತೆಗೆದು ಗನ್ನನ್ನು ನೇರ ತಾಮ್ರದ ಮೇಲೆ ಹಿಡಿದೆ. 41 ಡಿಗ್ರಿ. ಇನ್ನೊಂದು ತುದಿ, 38. ರೂಮೇ 33 ಇತ್ತು. "ಬಾರ್ ತಣ್ಣಗಿದೆ" ಅಂದೆ. ಕ್ಲಾಂಪ್ ಮೀಟರ್ ಹಾಕಿದೆ, ಎರಡೂ ಇನ್ವರ್ಟರ್ ಸೇರಿ 380 ಆಂಪಿಯರ್. ಮೂರು ಕಂಪ್ರೆಸರ್ ಓಡುತ್ತಿದ್ದಾಗ ಅದು ಸರಿಯಾದ ಲೆಕ್ಕವೇ.

ಮೊಬೈಲ್‌ನಲ್ಲಿ ಬಿಎಂಎಸ್ (ಬ್ಯಾಟರಿ ಮೇಲೆ ನಿಗಾ ಇಡುವ ಸರ್ಕ್ಯೂಟ್) ಆಪ್ ತೆಗೆದು ನೋಡಿದೆ. ಪ್ಯಾಕ್‌ಗಳು 88, 92, 97, 103 ಆಂಪಿಯರ್ ಕೊಡುತ್ತಿದ್ದವು. ಬಲಗಡೆಗೆ ಹೋದಷ್ಟೂ ಜಾಸ್ತಿ. ಇದು ಕಣ್ಣೆದುರೇ ಇತ್ತು. ಸ್ವಲ್ಪ ಹೆಚ್ಚು ಕಮ್ಮಿ ಇರುತ್ತದೆ ಬಿಡು ಅಂದುಕೊಂಡು ಆಪ್ ಮುಚ್ಚಿದೆ. ಇನ್ವರ್ಟರ್ ಫ್ಯಾನಿನಿಂದ ವಾಸನೆ ಬರುತ್ತಿರಬಹುದು ಅಂತ ಅದನ್ನು ಬಿಚ್ಚಲು ಹೋದೆ. ಅಲ್ಲಿ ಹತ್ತು ನಿಮಿಷ ಹಾಳು.

"ಅಣ್ಣಾ, ಇಲ್ಲಿ ನೋಡಿ ಸ್ವಲ್ಪ" ಅಂತ ಹುಡುಗ ಕರೆದ. ಬಲ ತುದಿಯ ಪ್ಲಸ್ ಬೋಲ್ಟ್ ಹತ್ತಿರ ಟಾರ್ಚ್ ಬಿಟ್ಟಿದ್ದ. ಕೇಬಲ್ ತುದಿಗೆ ಒತ್ತಿ ಬೋಲ್ಟಿಗೆ ಕೂರಿಸುವ ಲಗ್ ಮೇಲಿನ ಕೆಂಪು ಸ್ಲೀವ್ ಕೆಂಪಾಗಿರಲಿಲ್ಲ. ಬೋಲ್ಟ್ ಕಡೆಯ ಅಂಚು ಕಾಫಿ ಬಣ್ಣಕ್ಕೆ ತಿರುಗಿ, ಬಾಡಿದ ವೀಳ್ಯದೆಲೆ ಹಾಗೆ ಸುತ್ತಿಕೊಂಡಿತ್ತು. ಅಲ್ಲೇ ಪಕ್ಕದ ತಾಮ್ರಕ್ಕೆ ಗನ್ ಹಿಡಿದರೆ ಈಗಲೂ 43!

ಆಗ ಹೊಳೆಯಿತು. ಹೊಳೆಯುವ ಲೋಹ ಶಾಖವನ್ನು ತುಂಬಾ ಕಡಿಮೆ ಹೊರಸೂಸುತ್ತದೆ. ಗನ್ ಸೆಟ್ ಆಗಿರುವುದು ಶಾಖವನ್ನು ಚೆನ್ನಾಗಿ ಹೊರಸೂಸುವ ಮಂಕಾದ ಮೇಲ್ಮೈಗೆ. ಪಾಲಿಶ್ ಇರುವ ತಾಮ್ರದ ಮೇಲೆ ಹಿಡಿದರೆ ಅದು ಕನ್ನಡಿ ಇದ್ದ ಹಾಗೆ, ರೂಮಿನ ಬಿಸಿಯನ್ನೇ ವಾಪಸ್ ತೋರಿಸುತ್ತದೆ. ಕರಿ ಇನ್ಸುಲೇಷನ್ ಟೇಪಿನ ಚಿಕ್ಕ ತುಂಡನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ಬಾರಿನ ಮೇಲೆ ಒತ್ತಿದೆ. ಒಂದು ನಿಮಿಷ ಬಿಟ್ಟು ಟೇಪಿನ ಮೇಲೆ ಗನ್ ಹಿಡಿದೆ. 94 ಡಿಗ್ರಿ.

ಕೈ ತಣ್ಣಗಾಯಿತು. ಸಾಮಾನ್ಯ ಪಿವಿಸಿ ಕೇಬಲ್ ತಾಳುವುದು 70 ಡಿಗ್ರಿ. ತಾಮ್ರಕ್ಕೆ 94 ದೊಡ್ಡದೇನಲ್ಲ, ಆದರೆ ಅದಕ್ಕೆ ಅಂಟಿಕೊಂಡಿರುವ ಕೇಬಲ್, ಸ್ಲೀವ್, ಸಪೋರ್ಟ್ ಎಲ್ಲದಕ್ಕೂ ದೊಡ್ಡದೇ. ಎರಡಡಿ ಆಚೆ ಲಿಥಿಯಂ ಪ್ಯಾಕ್ ಇದೆ. ಎಲ್ಲಾ ಆಫ್ ಮಾಡೋಣ ಅಂದರೆ ಪಕ್ಕದ ರೂಮಿನಲ್ಲಿ ಯಜಮಾನರ ವರ್ಷದ ದುಡಿಮೆ ಕ್ರೇಟುಗಳಲ್ಲಿ ಕೂತಿದೆ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿಗೆ ಹೋಗಬೇಕಾದ ಹೂವು. ಅವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಕಸ್ಟಮರ್ ಮುಂದೆ ಏನೂ ಹೇಳ್ಬೇಡ. ಬೋಲ್ಟ್ ಟೈಟ್ ಮಾಡಿ ಬಾ, ಹಬ್ಬ ಆದ್ಮೇಲೆ ನೋಡೋಣ" ಅಂದರು. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತ್ತು. ಬೋಲ್ಟ್ ಲೂಸ್ ಆಗಿದ್ದರೆ ಚೆನ್ನಾಗಿತ್ತು, ಅಲ್ವಾ? ತಪ್ಪು ಸ್ಪ್ಯಾನರ್‌ನದ್ದಾಗುತ್ತಿತ್ತು. ಆದರೆ ಬೋಲ್ಟ್ ಬಿಗಿದ ಮೇಲೆ ಹುಡುಗ ಎಳೆದಿದ್ದ ಗುರುತಿನ ಗೆರೆ, ಟಾರ್ಕ್ ಮಾರ್ಕ್, ಒಂದು ಕೂದಲೂ ಸರಿದಿರಲಿಲ್ಲ. ಲಗ್ ನೇರ ತಾಮ್ರಕ್ಕೆ ಕೂತಿತ್ತು, ನಡುವೆ ವಾಷರ್ ಇರಲಿಲ್ಲ. ಎಷ್ಟೋ ಸೈಟಿನಲ್ಲಿ ಲಗ್ಗಿಗೂ ಬಾರಿಗೂ ನಡುವೆ ಸ್ಟೀಲ್ ವಾಷರ್ ಸೇರಿಸಿಬಿಡುತ್ತಾರೆ, ಸ್ಟೇನ್‌ಲೆಸ್ ಸ್ಟೀಲಿನ ರೆಸಿಸ್ಟಿವಿಟಿ, ಅಂದರೆ ಕರೆಂಟಿಗೆ ಒಡ್ಡುವ ತಡೆ, ತಾಮ್ರಕ್ಕಿಂತ ಸುಮಾರು 40 ಪಟ್ಟು. ಇವನು ಅದನ್ನೂ ಮಾಡಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು.

ಹಾಗಾದರೆ ಬಿಸಿ ಎಲ್ಲಿಂದ? ಬಾಕ್ಸಿನ ಮುಂದೆ ನಿಂತು ಕೇಬಲ್ ದಾರಿಯನ್ನು ಬೆರಳಲ್ಲಿ ಗಾಳಿಯಲ್ಲೇ ಹಿಡಿದುಕೊಂಡು ಹೋದೆ. ಪ್ಯಾಕ್ ಒಂದು, ಎರಡು, ಮೂರು, ನಾಲ್ಕು. ಎರಡೂ ಇನ್ವರ್ಟರ್ ಬಲ ತುದಿಯಲ್ಲಿ. ಆಗ ನೆನಪಾಯಿತು.

ನನ್ನ ಡ್ರಾಯಿಂಗಿನಲ್ಲಿ ಒಂದು ಇನ್ವರ್ಟರ್ ಎಡ ತುದಿಗೆ, ಇನ್ನೊಂದು ಬಲ ತುದಿಗೆ ಇತ್ತು. ನಡುವೆ ಪ್ಯಾಕ್‌ಗಳು. ಲೇಬಲ್ ಮೇಲೆ 51.2 ವೋಲ್ಟ್ ಇದ್ದರೂ ಚಾರ್ಜ್ ಇಳಿದಾಗಿನ 48 ವೋಲ್ಟ್ ಹಿಡಿದೇ ಲೆಕ್ಕ ಹಾಕಿದ್ದೆ. ಇನ್ವರ್ಟರ್ ಎಫಿಶಿಯೆನ್ಸಿ 93 ಪರ್ಸೆಂಟ್ ಅಂದರೆ ಒಂದಕ್ಕೆ 224 ಆಂಪಿಯರ್. ಎರಡು ತುದಿಯಿಂದ ಎಳೆದರೆ ಬಾರಿನ ಯಾವ ಜಾಗದಲ್ಲೂ ಅದಕ್ಕಿಂತ ಜಾಸ್ತಿ ಹರಿಯುವುದಿಲ್ಲ. 25×5 ಬಾರ್ ಎಂದರೆ 125 ಸ್ಕ್ವೇರ್ ಎಂಎಂ, ಸ್ಕ್ವೇರ್ ಎಂಎಂಗೆ 1.8 ಆಂಪಿಯರ್. ನಮ್ಮ ಕಡೆ ಪ್ಯಾನೆಲ್ ಮಾಡುವವರು ಸಾಮಾನ್ಯವಾಗಿ ಹಿಡಿಯುವುದು 1.6. ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಸ್ಟೋರಿನಲ್ಲಿ ಇದ್ದದ್ದು ಅದೇ.

ಫಿಟಿಂಗ್ ದಿನ ನಾನು ಗೌರಿಬಿದನೂರಿನ ಬೇರೆ ಸೈಟಿನಲ್ಲಿ ಏಣಿ ಮೇಲಿದ್ದೆ. ಹುಡುಗ ಫೋನ್ ಮಾಡಿ, "ಅಣ್ಣಾ, ಎಡಗಡೆ ಗೋಡೇಲಿ ಕಿಟಕಿ ಇದೆ. ಎರಡೂ ಇನ್ವರ್ಟರ್ ಬಲಗಡೆಗೇ ಹಾಕ್ಲಾ?" ಅಂತ ಕೇಳಿದ್ದ. ವಾಟ್ಸಾಪಿನಲ್ಲಿ ಫೋಟೋ ಕೂಡ ಕಳಿಸಿದ್ದ. "ಸರಿ, ಹಾಕಿ. ಕೇಬಲ್ ಎರಡೂ ಒಂದೇ ಉದ್ದ ಇರ್ಲಿ" ಅಂದಿದ್ದೆ. ಕೇಬಲ್ ಉದ್ದ ನೆನಪಿತ್ತು, ಬಾರ್ ನೆನಪಿರಲಿಲ್ಲ. ನಾಲ್ಕೂ ಪ್ಯಾಕಿನ ಕರೆಂಟ್ ಒಟ್ಟಾಗಿ ಕೊನೆಯ ಒಂದು ಗೇಣು ತಾಮ್ರದಲ್ಲಿ ಹೋಗಬೇಕು ಅಂತ ಆ ಕ್ಷಣ ಯೋಚಿಸಲೇ ಇಲ್ಲ. ಕರೆಂಟ್ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ಸಂಜೆಯ 380 ಆಂಪಿಯರ್‌ಗೆ ಒಂದು ಮೀಟರ್ ಬಾರಿನಲ್ಲಿ ಹತ್ತಿರ ಹತ್ತಿರ 20 ವ್ಯಾಟ್. ಅರ್ಧ ಕರೆಂಟಿಗೆ ಬರೀ 5. ಗಾಳಿಯಾಡದ ತಗಡಿನ ಬಾಕ್ಸಿನಲ್ಲಿ ಅದು ಗಂಟೆಗಟ್ಟಲೆ ಕೂತು ಕಾದಿದೆ. ಬೋಲ್ಟ್ ತೂತಿನ ಜಾಗದಲ್ಲಂತೂ 25 ಮಿ.ಮೀ. ಅಗಲದಲ್ಲಿ ಉಳಿದಿದ್ದದ್ದು 14.

ಯಜಮಾನರಿಗೆ ನಿಜ ಹೇಳಿದೆ. "ತಪ್ಪು ನನ್ನದು ಸರ್. ಬಾರ್ ಸಣ್ಣದಾಯ್ತು. ಈಗ ಒಂದು ಕಂಪ್ರೆಸರ್ ನಿಲ್ಲಿಸ್ತೀನಿ. ಆಮೇಲೆ ಮುಕ್ಕಾಲು ಗಂಟೆ ಪೂರ್ತಿ ಆಫ್ ಬೇಕು. ರೂಮ್ ಬಾಗಿಲು ಯಾರೂ ತೆಗೀಬಾರದು." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆಳುಗಳಿಗೆ ಕೂಗಿ ಹೇಳಿ, ಕೋಲ್ಡ್ ರೂಮಿನ ಬಾಗಿಲ ಮುಂದೆ ತಾವೇ ಕುರ್ಚಿ ಹಾಕಿಕೊಂಡು ಕೂತರು.

ಕರೆಂಟ್ 260ಕ್ಕೆ ಇಳಿಯಿತು. ನಾನು ಟೇಪಿನ ಮೇಲೆ ಗನ್ ಹಿಡಿದು ನಿಂತೆ. 94. 93. 90. ಪ್ರತಿ ಡಿಗ್ರಿಗೂ ಕಾಯಬೇಕಾಯಿತು. ಇಪ್ಪತ್ತು ನಿಮಿಷಕ್ಕೆ 72. ಅಷ್ಟರಲ್ಲಿ ಹುಡುಗ ಗಾಡಿಯಲ್ಲಿ ಉಳಿದಿದ್ದ 70 ಸ್ಕ್ವೇರ್ ಎಂಎಂ ಕೇಬಲ್ ಅಳೆದು, ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಲಗ್ ಒತ್ತಿ ರೆಡಿ ಮಾಡಿದ್ದ.

ಆಮೇಲೆ ಲೋಡ್, ಇನ್ವರ್ಟರ್, ನಾಲ್ಕೂ ಪ್ಯಾಕಿನ ಬ್ರೇಕರ್, ಇದೇ ಕ್ರಮದಲ್ಲಿ ಆಫ್. ಬಾರಿನ ಮೇಲೆ ಮೀಟರ್ ಇಟ್ಟು ಸೊನ್ನೆ ಇದೆ ಅಂತ ನೋಡಿದೆವು. ಉಂಗುರ ಬಿಚ್ಚಿಟ್ಟೆವು, ಸ್ಪ್ಯಾನರ್‌ಗಳಿಗೆ ಟೇಪ್ ಸುತ್ತಿದ್ದೆವು. 48 ವೋಲ್ಟ್ ಶಾಕ್ ಹೊಡೆಯಲ್ಲ ಅಂತ ಸಲುಗೆ ಬೆಳೆಸಿಕೊಂಡವರನ್ನು ನೋಡಿದ್ದೇನೆ. ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡ ಸ್ಪ್ಯಾನರ್ ಬಿದ್ದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ, ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳುತ್ತದೆ. ಆ ಕೇಬಲ್‌ನಿಂದ ಒಂದು ಇನ್ವರ್ಟರಿನ ಸಂಪರ್ಕವನ್ನು ಬಾರಿನ ಎಡ ತುದಿಗೆ ಎಳೆದು ಕಟ್ಟಿದೆವು. ಎಲ್ಲಾ ಆನ್ ಮಾಡಿದಾಗ ಕೋಲ್ಡ್ ರೂಮ್ 4ರಿಂದ 6 ಡಿಗ್ರಿಗೆ ಬಂದಿತ್ತು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಮೂರೂ ಕಂಪ್ರೆಸರ್ ಓಡುತ್ತಿದ್ದಾಗ ಟೇಪ್ ಮೇಲೆ 52.

ಹಬ್ಬ ಕಳೆದ ಮೇಲೆ ಬಾರ್ ಬದಲಾಯಿಸುವ ವಿಷಯ ಬಂತು. ಪರ್ಚೇಸ್‌ನವರು 25×10 ಇದೆ, ಅದನ್ನೇ ಹಾಕಿ ಅಂದರು. ನಾನು 50×5 ಬೇಕು ಅಂತ ಪಟ್ಟು ಹಿಡಿದೆ. ಎರಡೂ 250 ಸ್ಕ್ವೇರ್ ಎಂಎಂ, ಮೀಟರಿಗೆ ಸುಮಾರು 2.2 ಕೆಜಿ, ತಾಮ್ರ ಒಂದೇ. ಆದರೆ ಸುತ್ತಳತೆ ನೋಡಿ, ಒಂದರದ್ದು 70 ಮಿ.ಮೀ., ಇನ್ನೊಂದರದ್ದು 110. ಬಿಸಿ ಹೊರಗೆ ಹೋಗುವುದು ಮೈಯಿಂದ ತಾನೇ? ಅಗಲ ಬಾರಿನಲ್ಲಿ ತೂತಿಗೂ ಜಾಗ ಇರುತ್ತದೆ. ಇದನ್ನು ಮೇಲಿನವರಿಗೆ ಒಪ್ಪಿಸಲು ಎರಡು ದಿನ ಹಿಡಿಯಿತು, ತಾಮ್ರ ತರಲು ಅರ್ಧ ದಿನ. ಸೈಟಿನಲ್ಲಿ ಏನೇ ಬದಲಾದರೂ ಹೊಸ ಡ್ರಾಯಿಂಗ್ ಬಂದ ಮೇಲೇ ಫಿಟಿಂಗ್ ಅಂತ ನಿಯಮ ಮಾಡಿ ಅಂತಲೂ ಕೇಳಿದೆ. ಅದು ಇನ್ನೂ ಆಗಿಲ್ಲ, ಈಗಲೂ ವಾಟ್ಸಾಪ್ ಫೋಟೋದಲ್ಲೇ ನಡೆಯುತ್ತಿದೆ. ನಾನಂತೂ ನನ್ನ ಡ್ರಾಯಿಂಗಿನಲ್ಲಿ ಬಾರಿನ ಪ್ರತಿ ತುಂಡಿನ ಮೇಲೂ ಎಷ್ಟು ಆಂಪಿಯರ್, ಯಾವ ಕಡೆಗೆ ಅಂತ ಬಾಣ ಹಾಕಿ ಬರೆಯುತ್ತೇನೆ. ಫಿಟಿಂಗ್ ಹುಡುಗರಿಗೆ ಅದನ್ನು ಓದಲು ಕಲಿಸಿದ್ದೇನೆ.

ಹೊಸ ಬಾರಿನಲ್ಲಿ ಎರಡೂ ಇನ್ವರ್ಟರಿನ ಕೇಬಲ್ ಮತ್ತೆ ಬಲಗಡೆಗೇ ಬಂದವು, ಈ ಸಲ 448 ಆಂಪಿಯರ್ ಪೂರ್ತಿ ಹಿಡಿದೇ ಬಾರ್ ಹಾಕಿದೆವು. ಬಾಕ್ಸಿಗೆ ಮೇಲೂ ಕೆಳಗೂ ಗಾಳಿಗಿಂಡಿ ಕೊರೆದೆವು. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿಕೊಂಡು ಬಂದೆ. ಯಜಮಾನರು ಬಾರಿನ ತುದಿಯ ಕರಿ ಟೇಪ್ ತೋರಿಸಿ, "ಹೊಸ ತಾಮ್ರದ ಮೇಲೆ ಇದ್ಯಾಕಪ್ಪ, ಕಿತ್ತುಹಾಕ್ಲಾ?" ಅಂದರು. ಬೇಡ ಸರ್, ಇರಲಿ ಅಂದೆ. ಗನ್ ಅವರ ಕೈಗೇ ಕೊಟ್ಟೆ. ಮೊದಲು ಬರೀ ತಾಮ್ರದ ಮೇಲೆ ಹಿಡಿದರು, 34. ಆಮೇಲೆ ಟೇಪಿನ ಮೇಲೆ ಹಿಡಿದರು, 47.